ಬೊಲಾರಂ ಚರ್ಚಿನ ಸಮಾಧಿಶಿಲೆಗಳು ಮತ್ತು ರಾಯಚೂರು ಸೀಮೆ
ಸಿಕಂದರಾಬಾದಿನ ಉತ್ತರಕ್ಕೆ, ಬೊಲಾರಮ್ಮಿನಲ್ಲಿರುವ ಹೋಲಿ ಟ್ರಿನಿಟಿ ಚರ್ಚು 1847ರದು. 1983ರ ನವೆಂಬರಿನಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಇಲ್ಲಿಯ ಆರಾಧನೆಗೆ ಬಂದಿದ್ದರೆಂಬುದೇ ಅದರ ಇಂದಿನ ಪ್ರಸಿದ್ಧಿ. ಕನ್ನಡ ಸಂಶೋಧಕರು ನಿಲ್ಲಬೇಕಾದುದು ಮಾತ್ರ ಅದರ ಸಮಾಧಿಭೂಮಿಯಲ್ಲಿ. ಬೊಲಾರಂ ಹೈದರಾಬಾದ್ ಕಾಂಟಿಂಜೆಂಟ್ ಎಂಬ ದಂಡಿನ ನೆಲೆಯಾಗಿದ್ದಿತು. ಅಧಿಕಾರ ಬ್ರಿಟಿಷರದು, ವೆಚ್ಚ ನಿಜಾಮರದು. ಆ ವೆಚ್ಚದ ಬಾಕಿ ಬೆಳೆದು, 1853ರ ಒಪ್ಪಂದದಂತೆ ಬೀರಾರಿನೊಡನೆ ರಾಯಚೂರು ದೋಆಬವೂ ಬ್ರಿಟಿಷರ ಆಡಳಿತಕ್ಕೆ ಸಂದಿತು. 1860ರಲ್ಲಿ ದೋಆಬ ನಿಜಾಮರಿಗೆ ಮರಳಿತು. ಅಂದರೆ, ಕೃಷ್ಣಾ-ತುಂಗಭದ್ರೆಗಳ ನಡುವಣ ಒಕ್ಕಲುಮಕ್ಕಳು ತೆತ್ತ ಕಂದಾಯ ಆ ಏಳು ವರ್ಷ ಈ ದಂಡಿನ ಸಂಬಳಕ್ಕೆ ಒತ್ತೆಯಾಗಿದ್ದಿತು. ನಮ್ಮ ವೀರಗಲ್ಲು ತುರುಗಾಳಗದಲ್ಲಿ ಮಡಿದ ಊರಾಳನ್ನೂ ಹೆಸರಿಸುತ್ತದೆ. ಇಲ್ಲಿ ದಂಡಿನ ಅಧಿಕಾರಿಗೆ ಕಲ್ಲುಂಟು, ತೆತ್ತವನಿಗಿಲ್ಲ. ಈ ಶಿಲೆಗಳ ಪಾಠವನ್ನು ಆ ವರ್ಷಗಳ ದೋಆಬದ ಕಂದಾಯ ದಾಖಲೆಗಳೊಡನಿಟ್ಟು ಓದುವ ಕೆಲಸ ಇಲ್ಲಿಂದಲೇ ಮೊದಲಾಗಬಹುದು.