ಪಾಡೆಲ್

ಪಾಡೆಲ್ ಗಾಜಿನ ಗೋಡೆ ಮತ್ತು ತಂತಿ ಜಾಲರಿಗಳಿಂದ ಆವೃತವಾದ ಅಂಕಣದಲ್ಲಿ ಇಬ್ಬರಿಬ್ಬರ ಎರಡು ಜೋಡಿಗಳು ಆಡುವ ರಾಕೆಟ್ ಕ್ರೀಡೆಯಾಗಿದೆ. ಅಂಕಗಳ ಎಣಿಕೆಯಲ್ಲಿ ಇದು ಟೆನಿಸ್ ಆಟವನ್ನೂ, ಗೋಡೆಯ ಬಳಕೆಯಲ್ಲಿ ಸ್ಕ್ವಾಷ್ ಆಟವನ್ನೂ ಹೋಲುತ್ತದೆ. ಟೆನಿಸ್‌ನಲ್ಲಿ ಆಟಗಾರನನ್ನು ದಾಟಿ ಹೋದ ಚೆಂಡು ಬಹುತೇಕ ಕೈತಪ್ಪಿದಂತೆಯೇ. ಪಾಡೆಲ್‌ನಲ್ಲಾದರೋ ಹಿಂಬದಿಯ ಗೋಡೆ ಅದನ್ನು ಹಿಂದಿರುಗಿಸಿ ಇನ್ನೊಂದು ಅವಕಾಶವನ್ನು ನೀಡುತ್ತದೆ. ಈ ಆಟದ ನಿಯಮ ಹಾಗೂ ತಂತ್ರಗಳು ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ.

ಇತಿಹಾಸ

1969ರಲ್ಲಿ ಎನ್ರಿಕೆ ಕೊರ್ಕುಯೆರಾ ಅವರು ಮೆಕ್ಸಿಕೊದ ಅಕಪುಲ್ಕೊದಲ್ಲಿ ತಮ್ಮ ಮನೆಯ ಆವರಣದಲ್ಲಿ ಗೋಡೆಗಳಿಂದ ಸುತ್ತುವರಿದ ಅಂಕಣವೊಂದನ್ನು ಕಟ್ಟಿಸಿ ಈ ಆಟವನ್ನು ರೂಪಿಸಿದರು. ಅವರ ಸ್ನೇಹಿತ ಅಲ್ಫೊನ್ಸೊ ದೆ ಹೊಹೆನ್‌ಲೋಹೆ 1974ರಲ್ಲಿ ಇದನ್ನು ಸ್ಪೇನ್ ದೇಶದ ಮಾರ್ಬೆಲ್ಲಾಕ್ಕೆ ತಂದರು. ಅಲ್ಲಿಂದ ಇದು ಅರ್ಜೆಂಟೀನಕ್ಕೂ ಹಬ್ಬಿತು. 1991ರಲ್ಲಿ ಅಂತಾರಾಷ್ಟ್ರೀಯ ಪಾಡೆಲ್ ಒಕ್ಕೂಟವು ಸ್ಥಾಪನೆಯಾಯಿತು. ಮರುವರ್ಷ ಸ್ಪೇನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಪೋಲೆಂಡ್‌ನಲ್ಲಿ ಜರುಗಿದ 2023ರ ಯುರೋಪಿಯನ್ ಕ್ರೀಡಾಕೂಟದಲ್ಲಿ ಪಾಡೆಲ್ ಸೇರಿತ್ತು. ಭಾರತದಲ್ಲಿ ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ಇದರ ಅಂಕಣಗಳಿವೆ.

ಅಂಕಣ ಮತ್ತು ಸಲಕರಣೆಗಳು

ಅಂಕಣವು 20 ಮೀಟರ್ ಉದ್ದ, 10 ಮೀಟರ್ ಅಗಲವಿರುತ್ತದೆ. ಇದರ ವಿಸ್ತೀರ್ಣವು ಟೆನಿಸ್‌ನ ಡಬಲ್ಸ್ ಅಂಕಣದ ಸುಮಾರು ಮುಕ್ಕಾಲು ಪಾಲು. ನಡುವಿನ ಬಲೆಯ ಎತ್ತರ ಮಧ್ಯದಲ್ಲಿ 88 ಸೆಂಟಿಮೀಟರ್. ಹಿಂಬದಿಯಲ್ಲಿ 3 ಮೀಟರ್ ಎತ್ತರದ ಗೋಡೆಯೂ ಅದರ ಮೇಲೆ 1 ಮೀಟರ್ ಜಾಲರಿಯೂ ಇರುತ್ತವೆ. ಪಕ್ಕಗಳಲ್ಲಿ ಮೂಲೆಗಳ ಬಳಿ ಗೋಡೆಯಿದ್ದು, ಉಳಿದ ಭಾಗದಲ್ಲಿ ಜಾಲರಿಯಿರುತ್ತದೆ.

ಪಾಡೆಲ್ ರಾಕೆಟ್‌ಗೆ ತಂತಿಗಳಿರುವುದಿಲ್ಲ. ಅದರ ಗಟ್ಟಿಯಾದ ಮುಖದಲ್ಲಿ ರಂಧ್ರಗಳಿರುತ್ತವೆ, ಉದ್ದ 45.5 ಸೆಂಟಿಮೀಟರ್ ಮೀರುವಂತಿಲ್ಲ. ರಾಕೆಟ್ ಕೈಜಾರಿ ಜೊತೆ ಆಟಗಾರನಿಗೆ ಪೆಟ್ಟಾಗದಂತೆ ಅದರ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಕಡ್ಡಾಯ. ಚೆಂಡು ಟೆನಿಸ್ ಚೆಂಡಿನಂತೆಯೇ ಕಂಡರೂ ಅದರೊಳಗಿನ ಗಾಳಿಯ ಒತ್ತಡ ತುಸು ಕಡಿಮೆ.

ಆಡುವ ಕ್ರಮ

ಸರ್ವ್ ಮಾಡುವವರು ಚೆಂಡನ್ನು ನೆಲಕ್ಕೆ ಪುಟಿಸಿ, ಸೊಂಟದ ಎತ್ತರವನ್ನು ಮೀರದಂತೆ ಹೊಡೆದು, ಎದುರಿನ ಕರ್ಣೀಯ ಚೌಕಕ್ಕೆ ಕಳುಹಿಸಬೇಕು. ಟೆನಿಸ್‌ನಂತೆ ಎರಡು ಅವಕಾಶಗಳಿವೆ. ಸರ್ವ್ ಆದ ಚೆಂಡು ಚೌಕದಲ್ಲಿ ಪುಟಿದು ಗಾಜಿನ ಗೋಡೆಗೆ ತಗುಲಿದರೆ ಅದು ಸರಿ. ಎರಡನೆಯ ಸಲ ಪುಟಿಯುವ ಮೊದಲೇ ಜಾಲರಿಗೆ ತಗುಲಿದರೆ ತಪ್ಪು.

ಆ ಬಳಿಕ ಹೊಡೆದ ಚೆಂಡು ಎದುರಾಳಿಯ ಕಡೆ ಮೊದಲು ನೆಲಕ್ಕೇ ತಾಗಬೇಕು. ಒಮ್ಮೆ ಪುಟಿದ ಮೇಲೆ ಅದು ಗೋಡೆಗೆ ಅಥವಾ ಜಾಲರಿಗೆ ತಗುಲಿದರೂ ಆಟ ಮುಂದುವರಿಯುತ್ತದೆ; ನೆಲದ ಮೇಲೆ ಎರಡನೆಯ ಬಾರಿ ಪುಟಿದಾಗ ಅಂಕ ಹೋಗುತ್ತದೆ. ಪುಟಿಯುವ ಮೊದಲೇ ಎದುರಾಳಿಯ ಗೋಡೆಗೆ ಬಡಿದರೆ ಹೊಡೆದವರೇ ಅಂಕ ಕಳೆದುಕೊಳ್ಳುತ್ತಾರೆ. ತಮ್ಮ ಕಡೆಯ ಗಾಜಿನ ಗೋಡೆಗೆ ಚೆಂಡನ್ನು ಹೊಡೆದು, ಅಲ್ಲಿಂದ ಬಲೆಯನ್ನು ದಾಟಿಸಲು ಅವಕಾಶವಿದೆ.

ಅಂಕಗಳನ್ನು 15, 30, 40 ಎಂದು ಎಣಿಸಲಾಗುತ್ತದೆ. ಕನಿಷ್ಠ ಎರಡು ಗೇಮ್‌ಗಳ ಅಂತರದೊಂದಿಗೆ ಆರು ಗೇಮ್ ಗೆದ್ದವರಿಗೆ ಸೆಟ್ ಸಲ್ಲುತ್ತದೆ. 6–6 ಆದಾಗ ಟೈಬ್ರೇಕರ್ ಆಡಲಾಗುತ್ತದೆ. ಮೂರರಲ್ಲಿ ಎರಡು ಸೆಟ್ ಗೆದ್ದ ಜೋಡಿ ವಿಜಯಿ.

ಆರಂಭಿಕರಿಗೆ

ತಮ್ಮನ್ನು ದಾಟುತ್ತಿರುವ ಚೆಂಡನ್ನು ಗೋಡೆ ಮುಟ್ಟುವ ಮೊದಲೇ ಆತುರದಿಂದ ಹೊಡೆಯುವುದು ಹೊಸಬರಲ್ಲಿ ಸಾಮಾನ್ಯ. ಬದಲಾಗಿ, ಚೆಂಡಿನೊಂದಿಗೆ ತಿರುಗಿ, ಗೋಡೆಯಿಂದ ತುಸು ದೂರ ನಿಂತು, ಅದು ಮರಳಿ ಮುಂದೆ ಬರುವವರೆಗೆ ಕಾಯಬೇಕು. ಬಲವಾದ ಹೊಡೆತ ಯಾವಾಗಲೂ ಲಾಭದಾಯಕವಲ್ಲ. ವೇಗದ ಚೆಂಡು ಗೋಡೆಯಿಂದ ಅಷ್ಟೇ ದೂರ ಚಿಮ್ಮಿ ಎದುರಾಳಿಗೆ ಸುಲಭದ ತುತ್ತಾಗಬಹುದು. ನಿಧಾನವಾಗಿ ಮೂಲೆಗೆ ಇಳಿಯುವ ಚೆಂಡೇ ಹೆಚ್ಚು ಕಠಿಣ. ಬಲೆಯ ಬಳಿ ನಿಂತ ಜೋಡಿಗೆ ಸಾಮಾನ್ಯವಾಗಿ ಮೇಲುಗೈ ಇರುವುದರಿಂದ, ಅವರ ತಲೆಯ ಮೇಲಿಂದ ಚೆಂಡನ್ನು ಎತ್ತಿ ಕಳುಹಿಸಿ ಹಿಂದಕ್ಕೆ ಸರಿಸುವುದು ಮುಖ್ಯ ತಂತ್ರ. ಆಗ ಜೊತೆಗಾರರಿಬ್ಬರೂ ಒಟ್ಟಿಗೆ ಮುಂದೆ ಬರಬೇಕು. ಒಬ್ಬರು ಮುಂದೆ, ಒಬ್ಬರು ಹಿಂದೆ ಉಳಿದರೆ ನಡುವೆ ತೆರವು ಬೀಳುತ್ತದೆ.