ಸವಾಲು ಹಾಕುವ ಹಕ್ಕು: ವಿಶ್ವ ಚೆಸ್ ಪಟ್ಟದ ಅರ್ಹತೆ ನಡೆದುಬಂದ ದಾರಿ

ವಿಶ್ವ ಚೆಸ್ ಪಟ್ಟದ ಚರಿತ್ರೆಯೆಂದರೆ ನಮಗೆ ನೆನಪಾಗುವುದು ಗೆದ್ದವರ ಹೆಸರುಗಳು. ಅವರೆದುರು ಕೂರುವ ಹಕ್ಕು ಯಾರಿಗೆ, ಹೇಗೆ ಸಿಕ್ಕಿತು ಎಂದು ಕೇಳಿದಾಗಲೇ ಆ ಪಟ್ಟಕ್ಕೆ ಗೌರವ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. 1886ರಲ್ಲಿ ಸ್ಟೈನಿಟ್ಸ್ ಮತ್ತು ಜುಕರ್‌ಟಾರ್ಟ್ ಆಡಿದ ಮೊದಲ ಅಧಿಕೃತ ಪಂದ್ಯದಿಂದ ಸುಮಾರು 60 ವರ್ಷ, ಯಾರ ಸವಾಲನ್ನು ಒಪ್ಪಬೇಕೆಂಬುದು ಚಾಂಪಿಯನ್ನರ ಇಚ್ಛೆಗೇ ಬಿಟ್ಟಿತ್ತು. 1922ರ ಲಂಡನ್ ನಿಯಮಗಳ ಪ್ರಕಾರ ಸವಾಲು ಹಾಕುವವರು 10,000 ಡಾಲರ್ ಹೊಂದಿಸಬೇಕಿತ್ತು. ಪ್ರತಿಭೆಯಷ್ಟೇ ಇದ್ದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. 1912ರಲ್ಲಿ ಒಂದರ ಮೇಲೊಂದು ದೊಡ್ಡ ಟೂರ್ನಿ ಗೆದ್ದ ರೂಬಿನ್‌ಸ್ಟೈನ್‌ಗೆ ಲಾಸ್ಕರ್ ಜೊತೆಗಿನ ಪಂದ್ಯ ಕೈಗೂಡಲೇ ಇಲ್ಲ. ಮಾತುಕತೆ ಮುಂದುವರಿದಾಗ ಮಹಾಯುದ್ಧ ಅಡ್ಡ ಬಂತು. 1927ರಲ್ಲಿ ಅಲೆಖಿನ್‌ಗೆ ಸೋತ ಕಾಪಾಬ್ಲಾಂಕಾ ಮರುಪಂದ್ಯಕ್ಕಾಗಿ ಕಾದೇ ಕಾದರು. ಅಲೆಖಿನ್ ಮಾತ್ರ ಬೊಗೊಲ್ಯುಬೊವ್ ಜೊತೆ ಎರಡು ಬಾರಿ ಆಡಿದರು.

ಚಾಂಪಿಯನ್ ಆಗಿರುವಾಗಲೇ 1946ರಲ್ಲಿ ಅಲೆಖಿನ್ ತೀರಿಕೊಂಡದ್ದು ಈ ವ್ಯವಸ್ಥೆಯನ್ನು ಮುರಿಯಿತು. ಖಾಲಿಯಾದ ಪಟ್ಟಕ್ಕೆ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1948ರಲ್ಲಿ ಹೇಗ್ ಮತ್ತು ಮಾಸ್ಕೊದಲ್ಲಿ ಐವರ ಟೂರ್ನಿ ನಡೆಸಿತು, ಬೊಟ್ವಿನಿಕ್ ಗೆದ್ದರು. ಅದಕ್ಕಿಂತ ದೊಡ್ಡ ಸಾಧನೆಯೆಂದರೆ ಜೊತೆಯಲ್ಲೇ ಹುಟ್ಟಿದ ಮೆಟ್ಟಿಲುಗಳು: ವಲಯ ಟೂರ್ನಿ, ಅಂತರವಲಯ ಟೂರ್ನಿ, ಕ್ಯಾಂಡಿಡೇಟ್ಸ್ ಟೂರ್ನಿ, ಆಮೇಲೆ ಪಟ್ಟದ ಪಂದ್ಯ. ಹಣವಿಲ್ಲದ ಆಟಗಾರರೂ ಮೇಲೇರುವ ದಾರಿ ಮೊದಲ ಸಲ ಲಿಖಿತ ನಿಯಮವಾಯಿತು. ಆದರೆ ನಿಯಮ ಬಂದ ಮಾತ್ರಕ್ಕೆ ನ್ಯಾಯ ಬರಲಿಲ್ಲ. 1962ರಲ್ಲಿ ಕುರಸಾವ್ ದ್ವೀಪದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಎಂಟು ಜನ ತಲಾ 28 ಆಟದ ಸುದೀರ್ಘ ಹೋರಾಟಕ್ಕೆ ಕುಳಿತರು. ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಎಂಬ ಮೂವರು ಸೋವಿಯತ್ ಆಟಗಾರರು ತಮ್ಮೊಳಗೆ ಆಡಿದ 12 ಆಟಗಳೂ ಡ್ರಾ ಆದವು, ಹಲವು ಕೆಲವೇ ನಡೆಗಳಲ್ಲಿ. ಉಳಿದವರು ದಣಿಯುತ್ತಿದ್ದಾಗ ಇವರಿಗೆ ವಿಶ್ರಾಂತಿ ಸಿಗುತ್ತಿತ್ತು. ಫಿಶರ್ ಅಮೆರಿಕದ ಪತ್ರಿಕೆಯೊಂದರಲ್ಲಿ ಇದನ್ನು ಒಳಒಪ್ಪಂದವೆಂದು ಬಹಿರಂಗವಾಗಿ ದೂರಿದರು. ಫಿಡೆ ಮುಂದಿನ ಆವೃತ್ತಿಯಿಂದ ಕ್ಯಾಂಡಿಡೇಟ್ಸ್ ಟೂರ್ನಿಯನ್ನು ನಾಕೌಟ್ ಪಂದ್ಯಗಳಾಗಿ ಬದಲಿಸಿತು. ಅದೇ ಮಾದರಿಯಲ್ಲಿ 1971ರಲ್ಲಿ ಫಿಶರ್ ತೈಮನೊವ್ ಮತ್ತು ಲಾರ್ಸೆನ್ ಇಬ್ಬರನ್ನೂ 6–0ಯಿಂದ ಸೋಲಿಸಿದರು.

ಕಟ್ಟಿದ ಮೆಟ್ಟಿಲು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು 1993ರ ನಂತರದ ವರ್ಷಗಳು ತೋರಿಸಿದವು. ಕಾಸ್ಪರೊವ್ ಮತ್ತು ಶಾರ್ಟ್ ಫಿಡೆಯನ್ನು ಬಿಟ್ಟು ಹೊರಗೆ ಆಡಿದ್ದರಿಂದ ಪಟ್ಟವೇ ಎರಡಾಯಿತು. 1998ರಲ್ಲಿ ಸ್ಪೇನಿನಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಶಿರೊವ್ ಕ್ರಾಮ್ನಿಕ್‌ರನ್ನು ಸೋಲಿಸಿದರು. ಪ್ರಾಯೋಜಕರು ಸಿಗದೆ ಕಾಸ್ಪರೊವ್ ಎದುರಿನ ಅವರ ಪಂದ್ಯ ನಡೆಯಲೇ ಇಲ್ಲ. 2000ದಲ್ಲಿ ಲಂಡನ್‌ನಲ್ಲಿ ಕಾಸ್ಪರೊವ್ ಎದುರು ಕುಳಿತದ್ದೂ, ಗೆದ್ದದ್ದೂ ಕ್ರಾಮ್ನಿಕ್. ಅವರ ಆಟದ ಬಗ್ಗೆ ಎರಡು ಮಾತಿಲ್ಲ. ಆದರೆ ಗೆದ್ದವರು ಹೊರಗುಳಿದು ಸೋತವರು ಒಳಬಂದ ವ್ಯವಸ್ಥೆಯನ್ನು ಯಾರೂ ಸಮರ್ಥಿಸಲಾರರು. 2006ರಲ್ಲಿ ಪಟ್ಟ ಮತ್ತೆ ಒಂದಾಯಿತು. 2011ರ ಕಜಾನ್ ಕ್ಯಾಂಡಿಡೇಟ್ಸ್‌ನಲ್ಲಿ ಚಿಕ್ಕ ನಾಕೌಟ್ ಪಂದ್ಯಗಳ ಬಹುಪಾಲು ಆಟಗಳು ಡ್ರಾ ಆಗಿ, ನಿರ್ಧಾರ ಕ್ಷಿಪ್ರ ಆಟಕ್ಕೆ ಹೋಯಿತು. ಹಾಗಾಗಿ 2013ರಿಂದ ಎಂಟು ಜನ ಪರಸ್ಪರ ಎರಡೆರಡು ಬಾರಿ ಆಡುವ 14 ಸುತ್ತಿನ ಟೂರ್ನಿ ಮರಳಿತು.

ಈ ಎಂಟು ಸ್ಥಾನಗಳಿಗೆ ಈಗ ಬಾಗಿಲುಗಳು ಹಲವು: ವಿಶ್ವಕಪ್, ಗ್ರ್ಯಾಂಡ್ ಸ್ವಿಸ್, ವರ್ಷವಿಡೀ ಅಂಕ ಕೂಡಿಸುವ ಫಿಡೆ ಸರ್ಕ್ಯೂಟ್, ಮತ್ತು ರೇಟಿಂಗ್. ನನ್ನ ತಕರಾರಿರುವುದು ಕೊನೆಯದರ ಬಗ್ಗೆ. ರೇಟಿಂಗ್ ದೀರ್ಘಕಾಲದ ಸಾಧನೆಯ ಅಳತೆ, ಒಂದು ದಿನದ ಅದೃಷ್ಟ ಅದರಲ್ಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ಕೋವಿಡ್ ಕಾಲದಲ್ಲಿ ಹೊರಗೆ ಆಡಲಾಗದ ಡಿಂಗ್ ಲಿರೆನ್ 2022ರಲ್ಲಿ ರೇಟಿಂಗ್ ಬಲದಿಂದಲೇ ಒಳಬಂದರು, ಮುಂದಿನ ವರ್ಷ ವಿಶ್ವ ಚಾಂಪಿಯನ್ ಆದರು. ಆದರೆ ಅಗತ್ಯ ಆಟಗಳ ಸಂಖ್ಯೆ ತುಂಬಿಸಲು ಚೀನಾದಲ್ಲಿ ಅವರಿಗಾಗಿ ತರಾತುರಿಯಲ್ಲಿ ಪಂದ್ಯಗಳನ್ನು ಏರ್ಪಡಿಸಬೇಕಾಯಿತು. 2025ರಲ್ಲಿ ನಕಮುರ ಅದೇ ಕಾರಣಕ್ಕೆ ಅಮೆರಿಕದ ರಾಜ್ಯಮಟ್ಟದ ಸಣ್ಣ ಟೂರ್ನಿಗಳಲ್ಲಿ ಆಡಿದರು. ಇಬ್ಬರೂ ನಿಯಮ ಮೀರಲಿಲ್ಲ, ದೋಷ ನಿಯಮದ್ದೇ. ಎದುರಾಳಿಯನ್ನೂ ಟೂರ್ನಿಯನ್ನೂ ಆಟಗಾರರೇ ಆರಿಸಿಕೊಳ್ಳಬಹುದಾದ ಬಾಗಿಲು, ಹಿಂದಿನ ಚಾಂಪಿಯನ್ನರ ಸ್ವೇಚ್ಛೆಯನ್ನೇ ಬೇರೆ ರೂಪದಲ್ಲಿ ತರುತ್ತದೆ.

ಹಾಗಿದ್ದರೆ ಭಾರತದ ಗುಕೇಶ್ ಬಂದ ದಾರಿಯೂ ಹಾಗೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅವಸರವಾಗಿ ನಡೆದ ಟೂರ್ನಿ ಅವರ ಸರ್ಕ್ಯೂಟ್ ಸ್ಥಾನಕ್ಕೆ ನೆರವಾದದ್ದು ನಿಜ. ಆದರೆ ಅಲ್ಲಿ ಎದುರಿಗಿದ್ದವರು ಅರೋನಿಯನ್‌ರಂಥ ಪ್ರಬಲರು. ಅರ್ಜುನ್ ಎರಿಗೈಸಿ ಜೊತೆ ಅಂಕ ಸಮವಾಗಿ, ಟೈಬ್ರೇಕ್‌ನಲ್ಲಷ್ಟೇ ಗುಕೇಶ್ ಮೇಲಾದರು. ಸೋತಿದ್ದರೆ ಸ್ಥಾನ ಕೈತಪ್ಪುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯ ಏಳನೇ ಸುತ್ತಿನಲ್ಲಿ ಫಿರೂಜಾಗೆ ಸೋತ ಅವರು, 13ನೇ ಸುತ್ತಿನಲ್ಲಿ ಅದೇ ಫಿರೂಜಾರನ್ನು ಮಣಿಸಿದರು. ಕೊನೆಯ ಸುತ್ತಿನಲ್ಲಿ ನಕಮುರ ಜೊತೆ ಡ್ರಾ ಮಾಡಿಕೊಂಡರು. ಗೆದ್ದವರು ಗುಕೇಶ್‌ರನ್ನು ಸರಿಗಟ್ಟಬಹುದಾಗಿದ್ದ ಕರುವಾನ–ನೆಪೊಮ್ನಿಯಾಶಿ ಆಟ 100 ನಡೆ ದಾಟಿ ಡ್ರಾ ಆಯಿತು. 17ರ ಹುಡುಗ 9 ಅಂಕ ಪಡೆದು ಗೆದ್ದ. ಬೆನ್ನಿಗಿದ್ದ ಮೂವರಿಗೂ ತಲಾ 8.5. ಅಷ್ಟು ಕಿರಿದಾದ ಅಂತರದಲ್ಲಿ ಗೆದ್ದರೂ ಅವರ ಹಕ್ಕನ್ನು ಯಾರೂ ಪ್ರಶ್ನಿಸಲಿಲ್ಲ. ಹಕ್ಕು ಸಿಕ್ಕಿದ್ದು ಬಲಿಷ್ಠರ ಎದುರು, ಬೋರ್ಡಿನ ಮೇಲೆ.

ವಿಶ್ವಕಪ್‌ನಂಥ ನಾಕೌಟ್‌ನಲ್ಲಿ ಅದೃಷ್ಟದ ಪಾಲಿದೆ ಎಂಬ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ. ಅದೃಷ್ಟ ಹೆಚ್ಚೆಂದರೆ ಒಬ್ಬರನ್ನು ಎಂಟರ ಸಾಲಿಗೆ ತರಬಹುದು. ಆಮೇಲಿನ 14 ಸುತ್ತು ಅವರನ್ನು ಒರೆಗೆ ಹಚ್ಚುತ್ತದೆ. ಕುರಸಾವ್‌ನ ಅಪಾಯ ಪೂರ್ತಿ ಹೋಗಿಲ್ಲ. ಅದಕ್ಕೇ ಒಂದೇ ದೇಶದವರು ಟೂರ್ನಿಯ ಪ್ರತಿ ಅರ್ಧದ ಆರಂಭದಲ್ಲೇ ಪರಸ್ಪರ ಆಡಿ ಮುಗಿಸುವ ಕ್ರಮವಿದೆ. ಇನ್ನುಳಿದ ಸುಧಾರಣೆ ಒಂದೇ: ರೇಟಿಂಗ್ ಸ್ಥಾನವನ್ನು ಫಿಡೆ ಕೈಬಿಡಲಿ, ಆ ಸ್ಥಾನ ಗ್ರ್ಯಾಂಡ್ ಸ್ವಿಸ್‌ಗೆ ಸೇರಲಿ.