ಕಡಲ ತಳಕ್ಕೆ ಇಳಿಯುವ ಧೂಳು

ಕಡಲ ತಳದ ಕೆಸರು ಎಲ್ಲಿಂದ ಬಂತು? ಕೇಳುವುದಕ್ಕೆ ತೀರ ಸಾಧಾರಣವಾಗಿ ತೋರುವ ಈ ಪ್ರಶ್ನೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ಪಂಡಿತರು ವರ್ಷಗಟ್ಟಲೆ ವಾದ ಮಾಡಿದರು. ಅಟ್ಲಾಂಟಿಕ್ ಸಾಗರದಲ್ಲಿ ತಂತಿ ಹಾಸುವ ಸಲುವಾಗಿ ಆಳ ಅಳೆಯಹೊರಟವರಿಗೆ ಸೀಮೆಸುಣ್ಣವನ್ನು ಕಲಸಿದಂಥ ಕೆಸರು ಸಿಕ್ಕಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಗ್ಲೋಬಿಜರೈನ ಎಂಬ ಸಣ್ಣ ಜೀವಿಯ ಚಿಪ್ಪುಗಳ ರಾಶಿ. ಈ ಜೀವಿ ತಳದಲ್ಲೇ ಹುಟ್ಟಿ ತಳದಲ್ಲೇ ಸಾಯುವುದೋ, ಇಲ್ಲವೆ ಮೇಲಿನ ಬಿಸಿಲುನೀರಿನಲ್ಲಿ ಬಾಳಿ, ಸತ್ತ ಮೇಲೆ ಮೈಲಿಗಟ್ಟಲೆ ಕೆಳಗೆ ಇಳಿಯುವುದೋ?

1872ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ 'ಚಾಲೆಂಜರ್' ಹಡಗಿನ ವಿಜ್ಞಾನಿಗಳ ಮುಖಂಡ ವೈವಿಲ್ ಥಾಮ್ಸನ್ ಮೊದಲನೆಯ ಪಕ್ಷದವನು. ಅವನ ಕೈಕೆಳಗಿದ್ದ ಜಾನ್ ಮರ್ರೆ ಮಾತ್ರ ಹೋದಲ್ಲೆಲ್ಲ ಸಣ್ಣ ಕಣ್ಣಿನ ಬಲೆಯನ್ನು ಮೇಲ್ಮಟ್ಟದ ನೀರಿನಲ್ಲಿ ಎಳೆಯುತ್ತ ಹೋದ. ಬಲೆಗೆ ಬಿದ್ದವು ಜೀವಂತ ಗ್ಲೋಬಿಜರೈನಗಳು! ಅವೇ ಜಾತಿಯ ಖಾಲಿ ಚಿಪ್ಪುಗಳು ಕೆಳಗಿನ ಕೆಸರಿನಲ್ಲಿ. ಥಾಮ್ಸನ್ ಯಾನದ ನಡುವೆಯೇ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡ. ದೊಡ್ಡವನೊಬ್ಬ ತನ್ನ ಕಿರಿಯನ ಬಲೆಗೆ ಹೀಗೆ ಮಣಿದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಷ್ಟು ಸಾಮಾನ್ಯವಲ್ಲವೆಂದು ನನ್ನ ಎಣಿಕೆ. ಹಡಗು 1876ರ ಮೇ ತಿಂಗಳಲ್ಲಿ ಊರಿಗೆ ಮರಳಿತು.

ಇನ್ನು ಇಳಿಯುವ ವೇಗದ ಮಾತು. ಅದರ ಸೂತ್ರ ಆಗಲೇ ಸಿದ್ಧವಿತ್ತು. ಲೋಲಕವನ್ನು ಗಾಳಿ ಹೇಗೆ ತಡೆಯುತ್ತದೆಂದು ಲೆಕ್ಕ ಹಾಕುತ್ತಿದ್ದ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್, 1851ರ ಆ ಪ್ರಬಂಧದಲ್ಲೇ ಮೋಡದ ಹನಿಗಳು ಏಕೆ ಬೀಳದೆ ತೇಲುವಂತೆ ಕಾಣುತ್ತವೆಂಬುದನ್ನೂ ಬಿಡಿಸಿದ. ಸಣ್ಣ ಗುಂಡು ಇಳಿಯುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣ. ಗಾತ್ರ ಅರ್ಧವಾದರೆ ವೇಗ ಕಾಲಾಗುತ್ತದೆ. ಈ ಲೆಕ್ಕದಂತೆ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು ಅಗಲದ ಮಣ್ಣಿನ ಕಣ 4000 ಮೀಟರ್ ಇಳಿಯಲು ಹೆಚ್ಚುಕಡಿಮೆ ಐವತ್ತು ವರ್ಷ ಬೇಕು.

ಆದರೆ ಕಡಲಿನಲ್ಲಿ ಗುಂಡು ಎಷ್ಟಿದೆ? ಡಯಾಟಮ್ ಎಂಬ ಸಸ್ಯಾಣುಗಳಲ್ಲಿ ಕೆಲವು ಬಿಲ್ಲೆಯಂತೆ, ಕೆಲವು ಸೂಜಿಯಂತೆ. ಕಾಗದದ ಚೂರೊಂದು ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಓರೆಯಾಗಿ ಬೀಳುವುದೇಕೆಂದು ತರುಣ ಮ್ಯಾಕ್ಸ್‌ವೆಲ್ 1854ರಲ್ಲಿ ಒಂದು ಲೇಖನ ಬರೆದ. ಮುಂದೆ ವಿದ್ಯುತ್ತಿಗೂ ಬೆಳಕಿಗೂ ಗಂಟು ಹಾಕಿದವನು ಅವನೇ. ತೆಳುವಾದ ಬಿಲ್ಲೆ ನಿಧಾನವಾದ ಹರಿವಿನಲ್ಲಿ ಅಂಚು ಕೆಳಗಾಗಿ ಇಳಿದರೆ, ಮಟ್ಟಸವಾಗಿ ಮಲಗಿ ಇಳಿಯುವುದಕ್ಕಿಂತ ಒಂದೂವರೆ ಪಟ್ಟು ಬೇಗ ಹೋಗುತ್ತದೆ. ಆದರೆ ಅದು ತೀರ ಸಣ್ಣದಾಗಿರದೆ ಸ್ವಲ್ಪ ವೇಗ ಪಡೆದಿದ್ದರೆ, ನೀರೇ ಅದನ್ನು ತಿರುಗಿಸಿ ಮಲಗಿಸಿಬಿಡುತ್ತದೆ. ಅವಸರದಲ್ಲಿರುವವನಿಗೆ ಅಡ್ಡ ಮಲಗು ಎಂದ ಹಾಗೆ!

ಇದೆಲ್ಲ ಒಂದೇ ಬಗೆಯ ನೀರಿನ ಕಥೆ. ಕಡಲು ಹಾಗಿಲ್ಲ. ಮೇಲೆ ಬೆಚ್ಚಗಿನ, ಹಗುರಾದ ನೀರು. ಕೆಳಗೆ ತಣ್ಣನೆಯ, ಭಾರವಾದ ನೀರು. ನಡುವೆ ಸಾಂದ್ರತೆ ಬೇಗ ಬೇಗ ಏರುವ ಒಂದು ಪದರ. ಬೀಳುವ ಕಣ ಮೇಲಿನ ಹಗುರ ನೀರನ್ನು ಸೆರಗಿನಂತೆ ತನ್ನೊಡನೆ ಎಳೆದು ತರುತ್ತದೆ. ಭಾರದ ನೀರಿಗೆ ಬಂದೊಡನೆ ಆ ಸೆರಗು ಮೇಲಕ್ಕೇಳಲು ಹವಣಿಸಿ ಕಣವನ್ನು ಹಿಂದಕ್ಕೆ ಜಗ್ಗುತ್ತದೆ. ಬಿಲ್ಲೆಯಾದರೆ ಇನ್ನೊಂದು ವಿಚಿತ್ರ. ಪೋಲೆಂಡಿನ ಮಗ್ದಲೇನ ಮ್ರೊಕೊವ್‌ಸ್ಕ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಲಗಿ ಬಂದ ಬಿಲ್ಲೆ ಈ ನಡುಪದರದಲ್ಲಿ ಎದ್ದು ಅಂಚಿನ ಮೇಲೆ ನಿಂತಿತು, ದಾಟಿದ ಮೇಲೆ ಮತ್ತೆ ಮಲಗಿತು. ದಾರಿಯಲ್ಲಿ ಅದರ ವೇಗ ಒಂದಲ್ಲ, ಎರಡು ಸಲ ಕುಸಿಯಬಹುದೆಂದೂ ಕಂಡಿತು. ಮಲಗಿಸುವ ಒತ್ತಡವೊಂದು, ನಿಲ್ಲಿಸುವ ಒತ್ತಡ ಇನ್ನೊಂದು. ಪದರದೊಳಗೆ ಎರಡನೆಯದರ ಕೈ ಮೇಲು. ಸ್ಟೋಕ್ಸನಿಂದ ಇಲ್ಲಿಗೆ ಬರಲು ಒಂದೂವರೆ ಶತಮಾನಕ್ಕೂ ಮೀರಿ ಹಿಡಿಯಿತಲ್ಲ ಎಂದು ನನಗೆ ಆಶ್ಚರ್ಯ. ಬಿಲ್ಲೆ, ಉಪ್ಪು, ನೀರು ಯಾವ ಕಾಲದಲ್ಲೂ ದುರ್ಲಭವಾಗಿರಲಿಲ್ಲ.

ಬಿಲ್ಲೆಯ ಈ ಪಲ್ಟಿಯಿಂದ ನಮಗೇನು ಎಂದು ವಾಚಕರು ಕೇಳಬಹುದು. ಮೇಲ್ಮಟ್ಟದ ಸಸ್ಯಾಣುಗಳು ಗಾಳಿಯಿಂದ ಬಂದ ಇಂಗಾಲಾಮ್ಲವನ್ನು ಹೀರಿ ಬೆಳೆಯುತ್ತವೆ. ಅವುಗಳ ಶವಗಳು ಬೇಗ ಆಳಕ್ಕಿಳಿದರೆ ಆ ಇಂಗಾಲ ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ನಡುಪದರದಲ್ಲಿ ತಡೆದು ನಿಂತರೆ ಬ್ಯಾಕ್ಟೀರಿಯಗಳು ತಿಂದು ತೇಗಿ, ಅನಿಲವನ್ನು ಮತ್ತೆ ಮೇಲಕ್ಕೆ ಸಲ್ಲಿಸುತ್ತವೆ. ಭೂಮಿ ಎಷ್ಟು ಕಾಯುತ್ತದೆಂಬ ಲೆಕ್ಕದಲ್ಲಿ ಈ ತಡೆಗೂ ಒಂದು ಅಂಕಣವಿದೆ.

ಕಣಗಳು ಯಾವಾಗಲೂ ಒಂಟಿಯಾಗಿ ಬೀಳುವುದಿಲ್ಲ ಎಂಬುದೂ ನಿಜ. ಲೋಳೆಯಿಂದ ಅಂಟಿಕೊಂಡು ಹಿಂಜಿದ ಹತ್ತಿಯಂತೆ ಉದುರುವ ಈ ಗುಚ್ಛಗಳನ್ನು 'ಕುರೋಶಿಯೊ' ಎಂಬ ಮುಳುಗುಗೂಡಿನ ಕಿಟಕಿಯಿಂದ ಕಂಡ ಜಪಾನಿ ವಿಜ್ಞಾನಿಗಳು 1953ರಲ್ಲಿ ಕಡಲಹಿಮ ಎಂದು ಹೆಸರಿಟ್ಟರು. ದೊಡ್ಡ ಗುಚ್ಛ ದಿನಕ್ಕೆ ನೂರು ಮೀಟರಿನ ಮೇಲೂ ಇಳಿಯಬಲ್ಲದು. ಐವತ್ತು ವರ್ಷದ ದಾರಿ ಆರು ವಾರದೊಳಗೆ ಮುಗಿಯಿತು. ಆದರೆ ಅದರ ರಂಧ್ರಗಳಲ್ಲಿ ಹಗುರ ನೀರು ತುಂಬಿರುವುದರಿಂದ, ಪದರದ ಹೊಸ್ತಿಲಲ್ಲಿ ಅದೂ ಕಾಯಬೇಕು.

ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರೊಡನೆ ಸೇರಿ 1986ರಿಂದ ಅರಬ್ಬೀ ಸಮುದ್ರದ ಆಳದಲ್ಲಿ ಆಲಿಕೆಯಂಥ ಬೋನುಗಳನ್ನು ತೂಗಿಬಿಟ್ಟು ಈ ಹಿಮವನ್ನು ಹಿಡಿದರು. ವರ್ಷಕ್ಕೆ ಎರಡು ಸಲ, ನೈಋತ್ಯ ಮಾನ್ಸೂನಿನಲ್ಲಿ ಒಮ್ಮೆ, ಈಶಾನ್ಯ ಮಾನ್ಸೂನಿನಲ್ಲಿ ಇನ್ನೊಮ್ಮೆ, ಬೋನಿಗೆ ಬೀಳುವ ಕಣಗಳ ಮೊತ್ತ ಏರಿತ್ತು.